ಏಳು ಸರಿ, ಎಂಟು ತಪ್ಪು

ಅಂಗಡಿಯವನೊಬ್ಬ ಎಷ್ಟು ಆಳುಗಳನ್ನು ಇಟ್ಟುಕೊಂಡರೆ ಬಂಡವಾಳಶಾಹಿ ಆಗುತ್ತಾನೆ? 1981ರ ಚೀನಾದಲ್ಲಿ ಈ ಪ್ರಶ್ನೆಗೆ ಖಚಿತವಾದ ಉತ್ತರವಿತ್ತು: ಎಂಟು. ಸ್ವಂತ ಕಸುಬಿನವರು ಇಬ್ಬರು ಸಹಾಯಕರನ್ನೂ ಐವರು ಶಿಷ್ಯರನ್ನೂ ಇಟ್ಟುಕೊಳ್ಳಬಹುದೆಂದು ಸರ್ಕಾರ ಆ ವರ್ಷ ನಿಯಮ ಮಾಡಿತ್ತು. ಏಳಕ್ಕೆ ನಿಂತರೆ ದುಡಿದು ತಿನ್ನುವವನು, ಎಂಟನೆಯವನು ಒಳಗೆ ಬಂದರೆ ಶೋಷಕ. ಈ ಗಡಿಯ ಮೂಲ ಕಾರ್ಲ್ ಮಾರ್ಕ್ಸನ ‘ಬಂಡವಾಳ’ ಗ್ರಂಥದ ಮೊದಲ ಸಂಪುಟ. ಮಾಲೀಕ ತನ್ನ ಕೂಲಿಯವನಿಗಿಂತ ಎರಡು ಪಟ್ಟು ಚೆನ್ನಾಗಿ ಬದುಕಿ, ಹೆಚ್ಚುವರಿ ಮೌಲ್ಯದ ಅರ್ಧವನ್ನು ಮತ್ತೆ ಹೂಡಬೇಕಾದರೆ ಎಂಟು ಆಳು ಬೇಕಾಗುತ್ತದೆ ಎಂದು ಮಾರ್ಕ್ಸ್ ಅಲ್ಲೊಂದು ಲೆಕ್ಕ ಹಾಕಿದ್ದ. ಬರೀ ಉದಾಹರಣೆಗೆಂದು ಹಾಕಿದ ಲೆಕ್ಕ. ಅದು ನೂರು ವರ್ಷ ದಾಟಿ ಬಂದು, ಬೀಜ ಹುರಿದು ಮಾರುವವನೊಬ್ಬನ ಹಣೆಬರಹ ಬರೆಯಲು ಕೂತಿತು.

ಆ ವ್ಯಾಪಾರಿಯ ಹೆಸರು ನಿಯಾನ್ ಗುವಾಂಗ್‌ಜಿಯು. ಆನ್‌ಹುಯಿ ಪ್ರಾಂತದ ವುಹು ಪಟ್ಟಣದಲ್ಲಿ ಅವನ ವ್ಯಾಪಾರ. ಓದುಬರಹ ಅಷ್ಟಕ್ಕಷ್ಟೇ. ಅರವತ್ತರ ದಶಕದಲ್ಲೇ ‘ಸಟ್ಟಾ ವ್ಯಾಪಾರ’ದ, ಅಂದರೆ ಕೊಂಡು ಲಾಭಕ್ಕೆ ಮಾರಿದ, ಆರೋಪ ಹೊತ್ತು ಜೈಲು ಕಂಡು ಬಂದಿದ್ದ. ತೂಕದ ಮೇಲೆ ಇನ್ನೊಂದು ಹಿಡಿ ಹಾಕಿ ಕೊಡುತ್ತಿದ್ದನಂತೆ. ‘ದಡ್ಡನ ಬೀಜ’ ಎಂದೇ ಅವನ ಸರಕಿಗೆ ಹೆಸರು. ಗಿರಾಕಿಗಳು ಸಾಲುಗಟ್ಟಿದರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲೇ ಅವನ ಆಳುಗಳ ಸಂಖ್ಯೆ ನೂರು ದಾಟಿತು. ದೂರು ಬೀಜಿಂಗಿನವರೆಗೆ ಹೋಯಿತು. ದೇಶದ ಚುಕ್ಕಾಣಿ ಹಿಡಿದಿದ್ದ ಡೆಂಗ್ ಶಿಯಾವೊಪಿಂಗ್ ಅವನನ್ನು ಹೊಗಳಲೂ ಇಲ್ಲ, ಹಿಡಿಸಲೂ ಇಲ್ಲ. ಅವನನ್ನು ಮುಟ್ಟಿದರೆ ನೀತಿಯೇ ಬದಲಾಯಿತೆಂದು ಜನ ಗಾಬರಿಯಾಗುತ್ತಾರೆ, ಒಂದೆರಡು ವರ್ಷ ನೋಡೋಣ ಎಂಬ ಅರ್ಥದ ಮಾತನ್ನು 1984ರಲ್ಲಿ ಆಡಿದರು.

ಚೀನಾದ ಮಾರುಕಟ್ಟೆ ಸುಧಾರಣೆಯನ್ನು ಮೇಲೆ ಕೂತ ಜಾಣರು ನಕ್ಷೆ ಹಾಕಿ ಕಟ್ಟಿದ ಕಟ್ಟಡವೆಂದು ಬಣ್ಣಿಸುವವರಿಗೆ ಈ ‘ನೋಡೋಣ’ ಇರುಸುಮುರುಸು ತರಬೇಕು. ಸುಧಾರಣೆಯ ಮೊದಲ ಹತ್ತು ವರ್ಷಗಳ ಬಹುಪಾಲು ನಡೆದದ್ದು ಹೀಗೆಯೇ. ಕೆಲಸ ಮೊದಲು, ಅಪ್ಪಣೆ ಆಮೇಲೆ.

ಇದೇ ಆನ್‌ಹುಯಿಯ ಶಿಯಾವೊಗಾಂಗ್ ಹಳ್ಳಿಯ ಕತೆ ಇನ್ನೂ ಪ್ರಸಿದ್ಧ. 1978ರ ಚಳಿಗಾಲದಲ್ಲಿ 18 ರೈತರು ಗುಟ್ಟಾಗಿ ಸೇರಿ, ಸಾಮೂಹಿಕ ಸಾಗುವಳಿಯ ಕಮ್ಯೂನಿನ ಹೊಲವನ್ನು ಮನೆಮನೆಗೆ ಹಂಚಿಕೊಂಡು, ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದರು. ಸರ್ಕಾರದ ಪಾಲು ಕೊಟ್ಟು ಮಿಕ್ಕದ್ದು ಮನೆಯವರದು. ಮುಂದಾಳುಗಳು ಜೈಲಿಗೆ ಹೋದರೆ ಅವರ ಮಕ್ಕಳನ್ನು 18 ವರ್ಷ ತುಂಬುವವರೆಗೆ ಉಳಿದವರು ಸಾಕಬೇಕೆಂಬ ಕರಾರೂ ಅದರಲ್ಲಿತ್ತು. ಹೆದರಿಕೆಗೆ ಕಾರಣವಿತ್ತು. ಕೈಗಾರಿಕೆ, ಕೃಷಿಯನ್ನು ಒಮ್ಮೆಲೇ ಮೇಲೆತ್ತುವ ‘ಮಹಾ ಜಿಗಿತ’ದ ಹೆಸರಿನಲ್ಲಿ ಬಂದ 1959–61ರ ಕ್ಷಾಮ ಕೋಟಿಗಟ್ಟಲೆ ಜನರನ್ನು ಕೊಂದಾಗ ಅತಿ ಹೆಚ್ಚು ನಲುಗಿದ ಪ್ರಾಂತಗಳಲ್ಲಿ ಆನ್‌ಹುಯಿಯೂ ಒಂದು. ಹಸಿವು ತಾಳಲಾರದೆ 1961ರಲ್ಲೇ ಅಲ್ಲಿ ಹೊಲವನ್ನು ಮನೆಗಳ ಹೊಣೆಗೆ ವಹಿಸಿದ್ದರು. ಪಕ್ಷದ ಅಧ್ಯಕ್ಷ ಮಾವೊ ಅದನ್ನು ನಿಲ್ಲಿಸಿದರು. ಡೆಂಗ್ ಅವರ ಆ ಸುಪ್ರಸಿದ್ಧ ಬೆಕ್ಕಿನ ಗಾದೆ, ಬಣ್ಣ ಯಾವುದಾದರೇನು ಇಲಿ ಹಿಡಿದರೆ ಸಾಕು ಎಂಬುದು, ಹೊರಬಿದ್ದದ್ದೂ 1962ರ ಈ ಹೊಲದ ಚರ್ಚೆಯಲ್ಲೇ. ಷೇರುಪೇಟೆಗೂ ವಿದೇಶಿ ಕಂಪನಿಗಳಿಗೂ ಅದನ್ನು ಅಂಟಿಸಿದ್ದು ಆಮೇಲಿನ ಪತ್ರಕರ್ತರು.

1978ರಲ್ಲಿ ಮಾತ್ರ ಪ್ರಾಂತದ ಪಕ್ಷ ಕಾರ್ಯದರ್ಶಿ ವಾನ್ ಲಿ ಕಂಡೂ ಕಾಣದಂತಿದ್ದರು. ಸಿಚುವಾನ್ ಮೊದಲಾದ ಕಡೆಯೂ ಇಂಥದೇ ಪ್ರಯೋಗಗಳು ನಡೆದಿದ್ದವು. ಶಿಯಾವೊಗಾಂಗ್ ಒಂದನ್ನೇ ಆರಿಸಿ ಪುರಾಣ ಮಾಡಿದ್ದು ಪಕ್ಷ. ಫಲ ಮಾತ್ರ ಪುರಾಣವಲ್ಲ. 1978ರಲ್ಲಿ ಸುಮಾರು 30 ಕೋಟಿ ಟನ್ ಇದ್ದ ದೇಶದ ಧಾನ್ಯದ ಇಳುವರಿ 1984ರಲ್ಲಿ 40 ಕೋಟಿ ಟನ್ ದಾಟಿತು. ಸರ್ಕಾರ 1979ರಲ್ಲಿ ಖರೀದಿ ಬೆಲೆ ಏರಿಸಿದ್ದೂ ಗೊಬ್ಬರ ಹೆಚ್ಚು ಸಿಕ್ಕಿದ್ದೂ ಇದಕ್ಕೆ ಕೂಡಿಬಂದವು. ಕಮ್ಯೂನುಗಳು ಒಂದೊಂದಾಗಿ ಮುಚ್ಚಿದವು.

ಪಟ್ಟಣಗಳಲ್ಲಿ ಕಣ್ಣುಮುಚ್ಚುವುದು ಅಷ್ಟು ಸಲೀಸಾಗಿರಲಿಲ್ಲ. ವೆನ್‌ಝೌ ಬಳಿಯ ಲಿಯುಶಿಯಲ್ಲಿ ಸ್ಕ್ರೂ, ಕಾಯಿಲ್, ಹಳೆಯ ಸಾಮಾನು ಮಾರಿ ಮೇಲೆ ಬಂದ ಎಂಟು ಮಂದಿಯನ್ನು ಜನ ‘ಎಂಟು ರಾಜರು’ ಎಂದು ಕರೆಯುತ್ತಿದ್ದರು. 1982ರಲ್ಲಿ ಅವರ ಬೇಟೆ ಶುರುವಾಯಿತು. ಹೆಚ್ಚಿನವರು ಸೆರೆ ಸೇರಿದರು, ಒಬ್ಬ ತಲೆಮರೆಸಿಕೊಂಡ. ಎರಡೇ ವರ್ಷಕ್ಕೆ ಅವರ ಮೇಲಿನ ಆರೋಪಗಳು ಬಿದ್ದುಹೋದವು. ಲಿಯುಶಿ ಮುಂದೆ ಸ್ವಿಚ್ಚು, ಸರ್ಕ್ಯೂಟ್ ಬ್ರೇಕರುಗಳ ದೊಡ್ಡ ಕೇಂದ್ರವಾಯಿತು. ಇಂಥ ಬೇಟೆಗೆ ಹೆದರಿ ಹುಷಾರಿನ ವ್ಯಾಪಾರಿಗಳು ಸ್ವಂತ ಕಾರ್ಖಾನೆಯನ್ನು ಊರಿನ ಸಾಮೂಹಿಕ ಘಟಕವೆಂದು ನೋಂದಾಯಿಸುತ್ತಿದ್ದರು. ಇದಕ್ಕೆ ‘ಕೆಂಪು ಟೋಪಿ ಹಾಕಿಕೊಳ್ಳುವುದು’ ಎಂದು ಹೆಸರು. ಆಳಿನ ಮಿತಿ ಹೋದದ್ದು 1987ರಲ್ಲಿ; ಖಾಸಗಿ ಉದ್ಯಮಕ್ಕೆ ಸಂವಿಧಾನದಲ್ಲಿ ಜಾಗ ಸಿಕ್ಕಿದ್ದು 1988ರಲ್ಲಿ.

ನಿಜವಾದ ತೊಡಕು ಬೆಲೆಯದು. ಉಕ್ಕು, ಕಲ್ಲಿದ್ದಲಿಗೆ ಎಷ್ಟೆಂದು ನಿರ್ಧರಿಸುವವರು ಯಾರು? 1984ರ ಸೆಪ್ಟೆಂಬರಿನಲ್ಲಿ ಮೊಗಾನ್‌ಶಾನ್ ಬೆಟ್ಟದಲ್ಲಿ ಸೇರಿದ ಯುವ ಅರ್ಥಶಾಸ್ತ್ರಜ್ಞರು ಇದನ್ನೇ ಜಗ್ಗಾಡಿದರು. ಮರುವರ್ಷ ಜಾರಿಗೆ ಬಂದದ್ದು ಎರಡು ಬೆಲೆಗಳ ಪದ್ಧತಿ: ಯೋಜನೆಯ ಕೋಟಾ ಸರ್ಕಾರದ ಬೆಲೆಗೆ, ಅದಕ್ಕಿಂತ ಹೆಚ್ಚು ತಯಾರಿಸಿದ್ದು ಪೇಟೆ ಬೆಲೆಗೆ. ಹಳೆಯದನ್ನು ಕೆಡವದೆ ಪಕ್ಕದಲ್ಲೇ ಹೊಸದನ್ನು ಬೆಳೆಯಲು ಬಿಟ್ಟದ್ದು ಜಾಣತನ ಹೌದು. ಆದರೆ ಒಂದೇ ಉಕ್ಕಿಗೆ ಎರಡು ಬೆಲೆ ಎಂದಮೇಲೆ ಕೋಟಾ ಕಾಗದಕ್ಕೆ ಸಹಿ ಹಾಕುವವನ ಕೈಯೇ ಚಿನ್ನವಾಯಿತು. ಅಧಿಕಾರಿಗಳ ಮಕ್ಕಳು, ಬಂಧುಗಳು ಅಗ್ಗಕ್ಕೆ ಎತ್ತಿ ದುಬಾರಿಗೆ ದಾಟಿಸಿದರು. 1988ರ ಆಗಸ್ಟಿನಲ್ಲಿ ಸರ್ಕಾರ ಹೆಚ್ಚಿನ ಬೆಲೆಗಳನ್ನು ಸಡಿಲಿಸುವುದಾಗಿ ಸಾರಿದ್ದೇ ತಡ, ಜನ ಬ್ಯಾಂಕಿನಿಂದ ದುಡ್ಡು ತೆಗೆದು ಉಪ್ಪು, ಸೋಪು ಸಿಕ್ಕಿದ್ದೆಲ್ಲ ಕೊಂಡು ಕೂಡಿಟ್ಟರು. ಆ ವರ್ಷದ ಹಣದುಬ್ಬರ ಶೇ. 18ಕ್ಕೂ ಹೆಚ್ಚು. ಸುಧಾರಣೆಯ ಅತಿ ದಿಟ್ಟ ಹೆಜ್ಜೆಯನ್ನು ಮೊದಲೇ ಘೋಷಿಸಿ ಇಡಹೋಗಿ ಸರ್ಕಾರ ಮುಗ್ಗರಿಸಿತು. 1989ರಲ್ಲಿ ಪ್ರತಿಭಟಿಸಲು ಬೀಜಿಂಗಿನ ತಿಯಾನನ್‌ಮೆನ್ ಚೌಕಕ್ಕೆ ಬಂದವರ ಸಿಟ್ಟಿನಲ್ಲಿ ಈ ಬೆಲೆಯೇರಿಕೆ, ಈ ಲಂಚ ಎರಡೂ ಸೇರಿದ್ದವು. ಅದಕ್ಕೆ ಸಿಕ್ಕಿದ ಉತ್ತರ ಟ್ಯಾಂಕುಗಳದು. ನಿಯಾನ್ ಕೂಡ ಅದೇ ವರ್ಷ ಬಂಧನಕ್ಕೊಳಗಾದ.

1992ರ ಆರಂಭದಲ್ಲಿ 87ರ ಡೆಂಗ್, ಯಾವ ಅಧಿಕೃತ ಹುದ್ದೆಯೂ ಇಲ್ಲದೆ, ರೈಲು ಹತ್ತಿ ಶೆನ್‌ಝೆನ್, ಝುಹಾಯ್ ಸುತ್ತಿದರು. ದಾರಿಯ ಮಾತುಗಳಲ್ಲಿ ‘ದಡ್ಡನ ಬೀಜ’ವೂ ಬಂತು. ನಿಯಾನ್‌ಗೆ ಬಿಡುಗಡೆಯಾದದ್ದು ಅದೇ ವರ್ಷ. ಅಕ್ಟೋಬರಿನ ಪಕ್ಷದ ಮಹಾಧಿವೇಶನ ‘ಸಮಾಜವಾದಿ ಮಾರುಕಟ್ಟೆ ಅರ್ಥವ್ಯವಸ್ಥೆ’ಯನ್ನು ಒಪ್ಪಿತು. ಸಟ್ಟಾ ವ್ಯಾಪಾರವೆಂಬ ಅಪರಾಧ ದಂಡಸಂಹಿತೆಯಿಂದ ಹೋಗಲು 1997 ಆಗಬೇಕಾಯಿತು.

ಮುಂದಿನ ಘಟ್ಟದಲ್ಲಿ ಸರ್ಕಾರ ಯಾರಿಗೂ ಕಾಯಲಿಲ್ಲ. ಝು ರೊಂಗ್‌ಜಿ ಪ್ರಧಾನಿಯಾಗಿದ್ದ 1998ರಿಂದ 2002ರ ನಡುವೆ ಸರ್ಕಾರಿ ಉದ್ಯಮಗಳಿಂದ ಎರಡೂವರೆ ಕೋಟಿಗೂ ಹೆಚ್ಚು ಕಾರ್ಮಿಕರು ಕೆಲಸ ಕಳೆದುಕೊಂಡರು. ಸಾಯುವವರೆಗೂ ಕೈಬಿಡದೆಂದು ನಂಬಿದ್ದ ‘ಕಬ್ಬಿಣದ ಅನ್ನದ ಬಟ್ಟಲು’ ಈಶಾನ್ಯದ ಶೆನ್ಯಾಂಗಿನಂಥ ಕಾರ್ಖಾನೆ ನಗರಗಳಲ್ಲಿ ಒಡೆದುಹೋಯಿತು. 2001ರ ಡಿಸೆಂಬರಿನಲ್ಲಿ ಚೀನಾ ವಿಶ್ವ ವ್ಯಾಪಾರ ಸಂಸ್ಥೆ ಸೇರಿದ್ದನ್ನು ಜಗತ್ತು ನೆನೆಯುವಷ್ಟು ಈ ಕಾರ್ಮಿಕರನ್ನು ನೆನೆಯುವುದಿಲ್ಲ.

ಹೊಲದ ವಿಷಯದಲ್ಲಿ ಮಾತ್ರ ಅಪ್ಪಣೆ ಇನ್ನೂ ಕಂತಿನಲ್ಲೇ ಬರುತ್ತಿದೆ. ಚೀನಾದ ರೈತನಿಗೆ ಇಂದಿಗೂ ಹೊಲದ ಒಡೆತನವಿಲ್ಲ. ಅದು ಊರ ಸಮೂಹದ್ದು, ಅವನದು ಸಾಗುವಳಿಯ ಗುತ್ತಿಗೆ. 1984ರಲ್ಲಿ 15 ವರ್ಷ ಎಂದರು, 1993ರಲ್ಲಿ 30 ಎಂದರು, 2017ರಲ್ಲಿ ಮತ್ತೂ 30 ವರ್ಷ ಕೂಡಿಸಿದರು.