ಲಾರೆನ್ಸ್ ಕಥೆಯ ಕೊನೆಯ ಪುಟ

ಪ್ರೌಢಶಾಲೆಯಲ್ಲಿ ಮೊದಲನೆಯ ಮಹಾಯುದ್ಧದ ಪಾಠ ಮಾಡುವಾಗಲೆಲ್ಲ, ತುರ್ಕರ ವಿರುದ್ಧ ಅರಬರೊಡನೆ ಸೇರಿ ಹೋರಾಡಿದ 'ಅರೇಬಿಯಾದ ಲಾರೆನ್ಸ್' ಅವರ ಸಾಹಸವನ್ನು ಮಕ್ಕಳಿಗೆ ಉತ್ಸಾಹದಿಂದ ಹೇಳುತ್ತಿದ್ದೆ. ಅವರ ಸಾವಿನ ಕಥೆಯನ್ನು ಮಾತ್ರ ಎಂದೂ ಹೇಳಲಿಲ್ಲ. ಪರೀಕ್ಷೆಗೆ ಅದು ಬರುವಂತಿರಲಿಲ್ಲ. ಆದರೆ ನನ್ನ ವಿದ್ಯಾರ್ಥಿಗಳಿಗೆ ಹೆಚ್ಚು ಉಪಯೋಗವಾಗುತ್ತಿದ್ದುದು ಆ ಕಥೆಯೇ ಎಂದು ಈಗ ಅನ್ನಿಸುತ್ತದೆ.

1935ರ ಮೇ 13ರಂದು ಇಂಗ್ಲೆಂಡಿನ ಡಾರ್ಸೆಟ್ ಪ್ರದೇಶದ ರಸ್ತೆಯೊಂದರಲ್ಲಿ ತಮ್ಮ ಬ್ರೋ ಸುಪೀರಿಯರ್ ಮೋಟಾರು ಸೈಕಲ್ಲಿನ ಮೇಲೆ ಬರುತ್ತಿದ್ದ ಲಾರೆನ್ಸ್, ಸೈಕಲ್ಲಿನಲ್ಲಿ ಹೋಗುತ್ತಿದ್ದ ಇಬ್ಬರು ಹುಡುಗರನ್ನು ತಪ್ಪಿಸಲು ಹೋಗಿ ಬಿದ್ದರು. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಆರು ದಿನಗಳ ನಂತರ, ಮೇ 19ರಂದು, ಪ್ರಜ್ಞೆ ಮರಳದೆಯೇ ತೀರಿಕೊಂಡರು. ವಯಸ್ಸು 46.

ಅವರನ್ನು ನೋಡಿದ ವೈದ್ಯರಲ್ಲಿ ಆಸ್ಟ್ರೇಲಿಯಾ ಮೂಲದ ಮೆದುಳಿನ ಶಸ್ತ್ರವೈದ್ಯ ಹ್ಯೂ ಕೇರ್ನ್ಸ್ ಒಬ್ಬರು. ಇಂತಹ ಸಾವುಗಳ ಅಧ್ಯಯನಕ್ಕೆ ತೊಡಗಿದ ಅವರು 1941ರಲ್ಲಿ 'ಬ್ರಿಟಿಷ್ ಮೆಡಿಕಲ್ ಜರ್ನಲ್'ನಲ್ಲಿ ಒಂದು ಲೇಖನ ಬರೆದರು. ಎರಡನೆಯ ಮಹಾಯುದ್ಧದ ಮೊದಲ 21 ತಿಂಗಳುಗಳಲ್ಲಿ ಬ್ರಿಟನ್ನಿನ ರಸ್ತೆಗಳಲ್ಲಿ 2,279 ಮಂದಿ ಬೈಕ್ ಸವಾರರೂ ಹಿಂಬದಿ ಸವಾರರೂ ಸತ್ತಿದ್ದರು. ಹೆಲ್ಮೆಟ್ ಧರಿಸಿ ಅಪಘಾತಕ್ಕೊಳಗಾದವರು ಅವರಿಗೆ ಸಿಕ್ಕಿದ್ದು ಏಳೇ ಮಂದಿ. ಆ ಏಳೂ ಮಂದಿಯ ತಲೆಯ ಗಾಯ ಹೆಚ್ಚು ತೀವ್ರವಾಗಿರಲಿಲ್ಲ. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು.

ಜನಸಾಮಾನ್ಯರ ಸರದಿ ಬರಲು ಬಹಳ ಕಾಲ ಹಿಡಿಯಿತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 1961ರಲ್ಲಿ, ಬ್ರಿಟನ್ನಿನಲ್ಲಿ 1973ರಲ್ಲಿ ಕಾನೂನು ಬಂದಿತು. ಕೇರ್ನ್ಸ್ 1952ರಲ್ಲೇ ತೀರಿಕೊಂಡಿದ್ದರು. ನಮ್ಮಲ್ಲಿ 1988ರ ಮೋಟಾರು ವಾಹನ ಕಾಯಿದೆಯ 129ನೆಯ ಕಲಮು ಹೆಲ್ಮೆಟ್ ಧರಿಸಬೇಕೆಂದು ವಿಧಿಸಿತು. ಕರ್ನಾಟಕದಲ್ಲಿ ಹಿಂಬದಿ ಸವಾರರಿಗೂ ಅದು ಕಡ್ಡಾಯವಾದದ್ದು 2016ರ ಜನವರಿಯಲ್ಲಿ. 2021ರ ಜೂನ್ 1ರಿಂದ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ಸವಾರರ ಹೆಲ್ಮೆಟ್ ಮಾರುವುದೂ ನಿಷಿದ್ಧ.

ಕೊಳ್ಳುವಾಗ ಐಎಸ್ 4151 ಎಂಬ ಸಂಖ್ಯೆಯಿರುವ ಐಎಸ್‌ಐ ಗುರುತನ್ನು ನೋಡಬೇಕು. ಧರಿಸಿ ತಲೆಯಾಡಿಸಿದರೆ ಹೆಲ್ಮೆಟ್ ಅಲ್ಲಾಡಬಾರದು. ಒಳಗಿನ ಗಟ್ಟಿ ಥರ್ಮೋಕೋಲ್ ಪದರ ತಾನು ನಜ್ಜುಗುಜ್ಜಾಗಿ ಪೆಟ್ಟಿನ ರಭಸವನ್ನು ತಗ್ಗಿಸುತ್ತದೆ. ಆದ್ದರಿಂದ ಒಮ್ಮೆ ದೊಡ್ಡ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಮತ್ತೆ ಬಳಸತಕ್ಕದ್ದಲ್ಲ. ಗಲ್ಲದ ಪಟ್ಟಿ ಬಿಗಿಯದಿದ್ದರೆ, ಬೀಳುವಾಗ ತಲೆಗಿಂತ ಮೊದಲು ಹೆಲ್ಮೆಟ್ಟೇ ಹಾರಿಹೋಗುತ್ತದೆ.

ಇಷ್ಟು ಬರೆಯುವ ನಾನೂ ಎಷ್ಟೋ ವರ್ಷ ಬರಿತಲೆಯಲ್ಲೇ ಸ್ಕೂಟರ್ ಏರಿ ಶಾಲೆಗೆ ಹೋದವನು. ಗೇಟಿನ ಬಳಿ ಮಕ್ಕಳು ದಿನವೂ ನೋಡುತ್ತಿದ್ದರು. ಮೇಷ್ಟರ ಮಾತಿಗಿಂತ ನಡತೆಯಿಂದಲೇ ಮಕ್ಕಳು ಹೆಚ್ಚು ಕಲಿಯುತ್ತಾರೆಂಬುದು ನನಗೆ ತಿಳಿಯದ ವಿಷಯವಾಗಿರಲಿಲ್ಲ. ಇಂದು ಅವರಲ್ಲಿ ಅನೇಕರು ತಮ್ಮ ಮಕ್ಕಳನ್ನು ಬೈಕಿನಲ್ಲಿ ಕೂರಿಸಿಕೊಂಡು ಹೋಗುತ್ತಾರೆ, ಹೆಲ್ಮೆಟ್ ಕನ್ನಡಿಗೆ ತೂಗುತ್ತಿರುತ್ತದೆ. ಅಂದು ಹೇಳದೆ ಬಿಟ್ಟ ಪಾಠವನ್ನು ಅವರಿಗಾಗಿಯೇ ಇಂದು ಬರೆದಿದ್ದೇನೆ.