ಕುದಿನೀರಿನ ನಿವಾಸಿಗಳು

ನೀರನ್ನು ಕುದಿಸಿ ಕುಡಿಯಬೇಕು, ಹಾಲನ್ನು ಕಾಯಿಸಿಡಬೇಕು ಎಂಬುದು ಎಲ್ಲ ಗೃಹಿಣಿಯರೂ ಬಲ್ಲ ಮಾತು. ರೋಗ ತರುವ ಕ್ರಿಮಿಗಳ ಮಟ್ಟಿಗೆ ಈ ಮಾತು ಇಂದಿಗೂ ಸರಿಯೇ. ಆದರೆ ಸೂಕ್ಷ್ಮಜೀವಿಗಳೆಲ್ಲ ಶಾಖಕ್ಕೆ ಸಾಯುತ್ತವೆಂದು ಭಾವಿಸಿದರೆ ತಪ್ಪಾದೀತು. ಈ ತಪ್ಪನ್ನು ತಿದ್ದಿದ ಕಥೆ ನಡೆದದ್ದು ಅಮೆರಿಕದ ಯೆಲ್ಲೋಸ್ಟೋನ್ ಎಂಬಲ್ಲಿ.

೧೮೭೨ರಲ್ಲಿ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾದ ಆ ನಾಡು ಬಿಸಿನೀರಿನ ಬುಗ್ಗೆಗಳ ತವರು. ಎತ್ತರದ ಪ್ರದೇಶವಾದ್ದರಿಂದ ಅಲ್ಲಿ ನೀರು ಸುಮಾರು ೯೩ ಡಿಗ್ರಿ ಸೆಂಟಿಗ್ರೇಡಿಗೇ ಕುದಿಯುತ್ತದೆ. ಬುಗ್ಗೆಯಿಂದ ಹೊರಟ ನೀರು ಹರಿಯುತ್ತ ತಣಿದಂತೆ, ಕಾಲುವೆಯುದ್ದಕ್ಕೂ ಹಳದಿ, ಕಿತ್ತಳೆ, ಹಸಿರು ಪಟ್ಟೆಗಳು ಕಾಣುತ್ತವೆ. ೧೯೬೪ರಲ್ಲಿ ಪ್ರವಾಸಿಯಾಗಿ ಅಲ್ಲಿಗೆ ಹೋದ ಇಂಡಿಯಾನ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಥಾಮಸ್ ಬ್ರಾಕ್ ಅವರು ಈ ಬಣ್ಣಗಳನ್ನು ಕಂಡು ಬೆರಗಾದರು. ಅವು ಜೀವಿಗಳ ಬಣ್ಣಗಳು! ಒಂದೊಂದು ಶಾಖಕ್ಕೆ ಒಂದೊಂದು ಬಗೆಯ ಜೀವಿ.

ಬ್ರಾಕ್ ಅವರು ಮರಳಿ ಮರಳಿ ಅಲ್ಲಿಗೆ ಹೋದರು. ಗಾಜಿನ ಪಟ್ಟಿಗಳನ್ನು ದಾರಕ್ಕೆ ಕಟ್ಟಿ ಕುದಿಯುವ ಬುಗ್ಗೆಗಳೊಳಗೆ ಇಳಿಬಿಟ್ಟು, ದಿನಗಳ ಮೇಲೆ ತೆಗೆದು ನೋಡಿದರೆ ಅವುಗಳ ಮೇಲೆ ಸೂಕ್ಷ್ಮಜೀವಿಗಳು ಬೆಳೆದಿದ್ದವು. ೧೯೬೬ರಲ್ಲಿ ಅವರೂ ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ ಅವರೂ 'ಮಶ್ರೂಮ್ ಸ್ಪ್ರಿಂಗ್' ಎಂಬ ಬುಗ್ಗೆಯಿಂದ ತಂದ ಒಂದು ಜೀವಿಯನ್ನು ಪ್ರಯೋಗಶಾಲೆಯಲ್ಲಿ ೭೦ ಡಿಗ್ರಿಯ ಶಾಖದಲ್ಲಿ ಬೆಳೆಸಿದರು. ಇದು ಮೊದಲೇ ಏಕೆ ಸಿಕ್ಕಿರಲಿಲ್ಲ? ಶಾಖಪ್ರಿಯ ಜೀವಿಗಳನ್ನು ಹುಡುಕುತ್ತಿದ್ದವರು ಸಾಮಾನ್ಯವಾಗಿ ತಮ್ಮ ಕಾವುಪೆಟ್ಟಿಗೆಯನ್ನು ೫೫ ಡಿಗ್ರಿಗೆ ಇಡುತ್ತಿದ್ದರು. ಅದಕ್ಕಿಂತ ಹೆಚ್ಚು ಬಿಸಿಯನ್ನು ಬಯಸುವ ಅತಿಥಿ ಆ ಮನೆಗೆ ಬರುವುದಾದರೂ ಹೇಗೆ! ೧೯೬೯ರಲ್ಲಿ ಅದಕ್ಕೆ 'ಥರ್ಮಸ್ ಅಕ್ವಾಟಿಕಸ್' ಎಂಬ ನಾಮಕರಣವಾಯಿತು. ಬ್ರಾಕ್ ಅವರು ಅದನ್ನು ಸೂಕ್ಷ್ಮಜೀವಿಗಳ ಸಾರ್ವಜನಿಕ ಸಂಗ್ರಹಾಲಯಕ್ಕೆ ಉಚಿತವಾಗಿ ಒಪ್ಪಿಸಿದರು.

ಅದರಿಂದ ಏನು ಪ್ರಯೋಜನವೆಂದು ಆಗ ಕೇಳಿದ್ದರೆ ಉತ್ತರವಿರಲಿಲ್ಲ. ೧೯೮೩ರಲ್ಲಿ ಸೀಟಸ್ ಎಂಬ ಕಂಪನಿಯಲ್ಲಿದ್ದ ಕ್ಯಾರಿ ಮುಲ್ಲಿಸ್ ಅವರು ಡಿ.ಎನ್.ಎ.ಯ ಒಂದು ತುಣುಕನ್ನು ಕೋಟಿಗಟ್ಟಲೆ ಪ್ರತಿಗಳಾಗಿಸುವ ವಿಧಾನವನ್ನು ಕಂಡುಹಿಡಿದರು. ಅದರ ಎರಡು ಎಳೆಗಳನ್ನು ಬೇರ್ಪಡಿಸಲು ಪ್ರತಿ ಸುತ್ತಿನಲ್ಲೂ ಸುಮಾರು ೯೫ ಡಿಗ್ರಿಗೆ ಕಾಯಿಸಬೇಕು. ಆ ಶಾಖಕ್ಕೆ, ನಕಲು ಮಾಡುವ ಕಿಣ್ವವೇ ಹಾಳಾಗುತ್ತಿತ್ತು. ಪ್ರತಿ ಸಲವೂ ಹೊಸದಾಗಿ ಹಾಕಬೇಕಿತ್ತು. ಯೆಲ್ಲೋಸ್ಟೋನಿನ ಜೀವಿಯ ಕಿಣ್ವವಾದರೋ ಶಾಖಕ್ಕೆ ಜಗ್ಗಲಿಲ್ಲ. ಅಪರಾಧಗಳ ಪತ್ತೆಗೂ ರೋಗಗಳ ಪತ್ತೆಗೂ ಈ ವಿಧಾನ ಬಂತು. ೨೦೨೦ರ ಕೋವಿಡ್ ಕಾಲದಲ್ಲಿ ಮೂಗಿನಿಂದ ತೆಗೆದ ದ್ರವವನ್ನು ಪರೀಕ್ಷಿಸಿದ್ದೂ ಇದರಿಂದಲೇ. ಮುಲ್ಲಿಸ್ ಅವರಿಗೆ ೧೯೯೩ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಿಕದಲ್ಲಿ ಪಾಲು ದೊರೆಯಿತು.

ಹಣದ ಲೆಕ್ಕ ಬೇರೆಯೇ ಇದೆ. ೧೯೯೧ರಲ್ಲಿ ಸೀಟಸ್ ಕಂಪನಿ ಈ ವಿಧಾನದ ಹಕ್ಕುಗಳನ್ನು ೩೦ ಕೋಟಿ ಡಾಲರಿಗೆ ಮಾರಿತು. ಬುಗ್ಗೆಯಿದ್ದ ಉದ್ಯಾನಕ್ಕಾಗಲಿ, ಜೀವಿಯನ್ನು ಹುಡುಕಿದ ಬ್ರಾಕ್ ಅವರಿಗಾಗಲಿ ಅದರಲ್ಲಿ ಒಂದು ಕಾಸೂ ಬರಲಿಲ್ಲ. ಉದ್ಯಾನಗಳಲ್ಲಿ ನಡೆಯುವ ಸಂಶೋಧನೆಯ ಲಾಭದಲ್ಲಿ ಅವುಗಳಿಗೂ ಪಾಲು ಸಲ್ಲಬಹುದೆಂಬ ಕಾನೂನು ಅಮೆರಿಕದಲ್ಲಿ ಬಂದದ್ದು ೧೯೯೮ರಲ್ಲಿ.