ಮಾರೋಕೆ ಏನೂ ಇಲ್ಲದವರ ಮಳಿಗೆ

ಬೆಂಗಳೂರಿನ ಐಟಿ ಇತಿಹಾಸ ಬರೆಯೋಕೆ ಯಾರೇ ಕೂತರೂ ಕಥೆ ಹೆಚ್ಚುಕಡಿಮೆ ಒಂದೇ ದಾರಿ ಹಿಡಿಯುತ್ತೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂತು, ಎಲೆಕ್ಟ್ರಾನಿಕ್ ಸಿಟಿ ಬೆಳೀತು, 1997ರಲ್ಲಿ ಕರ್ನಾಟಕ ಸರ್ಕಾರ ಐಟಿ ನೀತಿ ತಂತು, ಆಮೇಲೆ ಕಂಪನಿಗಳು ಸಾಲುಗಟ್ಟಿದವು. ಎಲ್ಲವೂ ನಿಜವೇ. ಆದರೆ ಸಂಬಳ ಇಲ್ಲದೆ ದುಡಿದವರು ಈ ಕಥೆಯಲ್ಲಿ ಬರೋದೇ ಇಲ್ಲ. ಕಂಪನಿಗೆ ವಾರ್ಷಿಕ ವರದಿ ಇರುತ್ತೆ, ಸರ್ಕಾರಕ್ಕೆ ಕಡತ ಇರುತ್ತೆ. ಆಫೀಸಿಗೆ ರಜೆ ಹಾಕಿ, ಕಾಲೇಜಿಗೆ ಚಕ್ಕರ್ ಹೊಡೆದು ಮೇಳದಲ್ಲಿ ಮಳಿಗೆ ಕಟ್ಟಿದವರಿಗೆ ಏನಿರುತ್ತೆ? ಹಳೇ ಟೀ ಶರ್ಟು, ನಾಲ್ಕಾರು ಮಸುಕು ಫೋಟೋ, ಅಷ್ಟೇ.

ಅಂಥವರ ಬಗ್ಗೆ ಈ ಬರಹ.

ಮೊದಲು ಒಂದು ಹಿನ್ನೋಟ. ಕಂಪ್ಯೂಟರ್ ಮೇಳ ಅನ್ನೋದು ಶುರುವಿನಲ್ಲಿ ಹವ್ಯಾಸಿಗಳದ್ದೇ ಹಬ್ಬ. 1975ರ ಮಾರ್ಚ್ 5ರಂದು ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕ್‌ನಲ್ಲಿ ಒಬ್ಬರ ಮನೆಯ ಕಾರ್ ಗ್ಯಾರೇಜಿನಲ್ಲಿ ಹೋಂಬ್ರೂ ಕಂಪ್ಯೂಟರ್ ಕ್ಲಬ್ ಮೊದಲ ಸಲ ಸೇರಿತು. ಎರಡು ವರ್ಷ ಕಳೆದು, 1977ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವೆಸ್ಟ್ ಕೋಸ್ಟ್ ಕಂಪ್ಯೂಟರ್ ಫೇರ್ ನಡೀತು. ಅದರ ಹಿಂದೆ ಇದ್ದದ್ದು ಜಿಮ್ ವಾರನ್ ಮತ್ತು ಅದೇ ಬಳಗದ ಉತ್ಸಾಹಿಗಳು. ಬಂದ ಜನ 12 ಸಾವಿರಕ್ಕೂ ಹೆಚ್ಚು. ಆ್ಯಪಲ್ 2 ಜನರ ಕಣ್ಣಿಗೆ ಬಿದ್ದಿದ್ದು ಅಲ್ಲೇ. ಅಂದರೆ ಅಲ್ಲಿ ಹವ್ಯಾಸಿಗಳು ಜಾತ್ರೆ ಕಟ್ಟಿದರು, ವ್ಯಾಪಾರಿಗಳು ಆಮೇಲೆ ಬಂದರು.

ನಮ್ಮಲ್ಲಿ ಇದು ತಿರುಗಾಮುರುಗಾ. ಇಲ್ಲಿ ಜಾತ್ರೆ ಕಟ್ಟಿದ್ದು ಸರ್ಕಾರ ಮತ್ತು ಉದ್ಯಮ. ಅರಮನೆ ಮೈದಾನದಲ್ಲಿ 1998ರಲ್ಲಿ ‘ಬೆಂಗಳೂರು ಐಟಿ ಡಾಟ್ ಕಾಂ’ ಮೇಳ ಶುರುವಾಯ್ತು. ಮರುವರ್ಷ, 1999ರಲ್ಲಿ, ಆ ವ್ಯಾಪಾರದ ಜಾತ್ರೆಯೊಳಗೆ ಮಾರೋಕೆ ಏನೂ ಇಲ್ಲದ ಒಂದು ಗುಂಪು ಜಾಗ ಹಿಡೀತು. ಅವರೇ ಲಿನಕ್ಸ್ ಬಳಕೆದಾರರ ಕೂಟದ ಸ್ವಯಂಸೇವಕರು.

ಲಿನಕ್ಸ್ ಆಗ ಎಂಟು ವರ್ಷದ ಕೂಸು. ಲಿನಸ್ ಟೋರ್ವಾಲ್ಡ್ಸ್ ಅದರ ಸುದ್ದಿ ಹೇಳಿದ್ದು 1991ರ ಆಗಸ್ಟ್‌ನಲ್ಲಿ. ನಮ್ಮ ದೇಶದ ಸಾಮಾನ್ಯರ ಕೈಗೆ ಅದು ಬಂದಿದ್ದು ಮುಖ್ಯವಾಗಿ ‘ಪಿಸಿ ಕ್ವೆಸ್ಟ್’ ಪತ್ರಿಕೆಯ ಜೊತೆ 1996ರಿಂದ ಕೊಡ್ತಾ ಬಂದ ಸಿಡಿಗಳಿಂದ. ಅದರ ಹಿಂದೆ ಬೆಂಗಳೂರಿನ ಅತುಲ್ ಚಿಟ್ನಿಸ್ ಇದ್ದರು. ಸಿಡಿಯೇ ಯಾಕೆ ಅಂತ ಈಗಿನವರು ಕೇಳಬಹುದು. ಲೆಕ್ಕ ಹಾಕಿ ನೋಡಿ: ಆಗಿನ 33.6 ಕೆಬಿಪಿಎಸ್ ಮೋಡೆಮ್ ಒಂದು ಕ್ಷಣವೂ ಕೈಕೊಡದೆ ಓಡಿದರೂ ಒಂದು ಸಿಡಿಯಷ್ಟು, ಅಂದರೆ 650 ಎಂಬಿ, ಇಳಿಸೋಕೆ 40 ಗಂಟೆ ಮೀರುತ್ತಿತ್ತು. ಅಷ್ಟು ಹೊತ್ತು ಮನೆಯ ಫೋನ್ ಎಂಗೇಜು. ಬಿಲ್ಲು ಕಟ್ಟೋ ಅಪ್ಪ ಸುಮ್ಮನಿರ್ತಾರಾ?

ಹಾಗಾಗಿ ಮಳಿಗೆ ಅಂದರೆ ಮೊದಲ ಕೆಲಸ ಸಿಡಿ ಬರೆಯೋದು. ಆ ಕಾಲದ 2ಎಕ್ಸ್ ರೈಟರ್‌ನಲ್ಲಿ ತುಂಬಿದ ಒಂದು ಸಿಡಿಗೆ 37 ನಿಮಿಷ. ನೂರು ಸಿಡಿ ಅಂದರೆ 60 ಗಂಟೆ ದಾಟಿತು. ಬರೀತಾ ಇರುವಾಗ ಕಂಪ್ಯೂಟರ್ ಒಂಚೂರು ತಡವರಿಸಿದರೂ ಸಿಡಿ ಹಾಳು. ಹಾಳಾದದ್ದು ಪಕ್ಕದ ಮನೆ ಹುಡುಗರ ಸೈಕಲ್ ಚಕ್ರಕ್ಕೆ ಹೋಗಿ ಹೊಳೀತಿತ್ತು.

ಇನ್ನು ಮಳಿಗೆಯ ವೈಭವ ಕೇಳಿ. ಇಂಥ ಮೇಳಗಳಲ್ಲಿ ಚಿಕ್ಕ ಮಳಿಗೆ ಅಂದರೆ ಸಾಮಾನ್ಯವಾಗಿ ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲ. ಅಲ್ಯೂಮಿನಿಯಂ ಕಂಬದ ನಡುವೆ ಬಿಳಿ ಹಲಗೆ, ಮೇಲೊಂದು ಹೆಸರಿನ ಪಟ್ಟಿ, ಒಂದು ಮೇಜು, ಎರಡು ಕುರ್ಚಿ, ಒಂದು ಪ್ಲಗ್ ಪಾಯಿಂಟು. ಕಂಪನಿಗಳು ಇದರ ಮೇಲೆ ಕಾರ್ಪೆಟ್ ಹಾಸಿ, ಬಡಗಿಗಳನ್ನ ಕರೆಸಿ ಅರಮನೆಯನ್ನೇ ಕಟ್ಟಿಸ್ತಾವೆ. ಕೂಟದವರು ಮನೆಯಿಂದ ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ಮಾನಿಟರ್ ತರ್ತಾರೆ. ಒಬ್ಬನ ಸಿಪಿಯು, ಇನ್ನೊಬ್ಬಳ ಕೀಬೋರ್ಡು, ಯಾರದೋ ಆಫೀಸಿನಿಂದ ಕೇಳಿ ತಂದ ಹಬ್ಬು. ಒಂದು ಸ್ಪೈಕ್ ಬಸ್ಟರ್‌ಗೆ ಇನ್ನೊಂದು, ಅದಕ್ಕೆ ಮತ್ತೊಂದು ಚುಚ್ಚಿ ನಾಲ್ಕು ಯಂತ್ರ ಓಡಿಸೋದು. ಮಾನಿಟರ್ ಬೇರೆಯಾದಾಗೆಲ್ಲ ಎಕ್ಸ್ ವಿಂಡೋಸ್‌ಗೆ ಅದರ ಫ್ರೀಕ್ವೆನ್ಸಿ ಹೊಸದಾಗಿ ಹೇಳಿಕೊಡಬೇಕಿತ್ತು, ಇಲ್ಲದಿದ್ದರೆ ಪರದೆ ತುಂಬ ಗೆರೆ. ಬಹಳಷ್ಟು ಇಂಟರ್ನಲ್ ಮೋಡೆಮ್‌ಗಳು ವಿಂಡೋಸ್ ಬಿಟ್ಟು ಬೇರೆ ಯಾರ ಮಾತೂ ಕೇಳ್ತಿರಲಿಲ್ಲ. ಬಾಗಿಲು ತೆರೆಯೋ ಹೊತ್ತಿಗೆ ನಾಲ್ಕರಲ್ಲಿ ಮೂರು ಯಂತ್ರ ಎದ್ದರೆ ಗೆದ್ದ ಹಾಗೆ.

ನಾನು ಇಂಥ ಮಳಿಗೆಯಲ್ಲಿ ನಿಂತಿದ್ದು ಕೆಲವು ವರ್ಷ ತಡವಾಗಿ, ಒಂದು ಜಿಲ್ಲಾ ಕೇಂದ್ರದ ಕಂಪ್ಯೂಟರ್ ಮೇಳದಲ್ಲಿ. ಅಲ್ಲಿ ಮೂರು ದಿನ ನಿಂತ ಮೇಲೆ ತಿಳೀತು, ಮಳಿಗೆಗೆ ಬರೋ ಪ್ರಶ್ನೆಗಳು ಮುಖ್ಯವಾಗಿ ಎರಡೇ. ಮದುವೆ ಕಾಗದ ಅಚ್ಚು ಹಾಕೋ ಡಿಟಿಪಿ ಅಂಗಡಿಯವರೊಬ್ಬರು ಎರಡನ್ನೂ ಒಟ್ಟಿಗೇ ಕೇಳಿದ್ರು.

‘ಎಲ್ಲಾ ಪುಕ್ಕಟೆ ಅಂತೀಯಲ್ಲ ತಮ್ಮಾ, ನಿಮಗೇನು ಸಿಗ್ತದೆ?’

‘ಏನೂ ಇಲ್ಲ ಸಾರ್.’

‘ಏನೂ ಇಲ್ಲದೆ ಮೂರು ದಿನ ಇಲ್ಲಿ ನಿಂತೀರಾ?’ ಅಂತ ನಕ್ಕು, ಕುರ್ಚಿ ಎಳೆದು ಕೂತೇಬಿಟ್ಟರು. ‘ಹೋಗ್ಲಿ, ಇದರಾಗೆ ಕನ್ನಡ ಬರ್ತದಾ?’

ಮೊದಲನೇ ಪ್ರಶ್ನೆಗೆ ಮಳಿಗೆಯೇ ಉತ್ತರ. ಮಾರಾಟದವನ ಹತ್ತಿರ ಜನ ಅನುಮಾನದಿಂದಲೇ ಮಾತಾಡ್ತಾರೆ. ಮಾರೋಕೆ ಏನೂ ಇಲ್ಲದವನ ಹತ್ತಿರ ತಮ್ಮ ಕಷ್ಟ ಹೇಳ್ಕೊಳ್ತಾರೆ. ಬೆಳಿಗ್ಗೆ ಬಂದು ಪ್ರಶ್ನೆ ಕೇಳಿದ ಹುಡುಗಿ ಸಂಜೆ ಹೊತ್ತಿಗೆ ಮೇಜಿನ ಈಚೆ ನಿಂತು ಇನ್ನೊಬ್ಬರಿಗೆ ಉತ್ತರ ಹೇಳ್ತಿದ್ದಳು. ಯಾವ ಕಂಪನಿಯ ಮಳಿಗೆಯಲ್ಲೂ ಗಿರಾಕಿ ಹೀಗೆ ಮೇಜು ದಾಟಿ ಬರೋದನ್ನ ನಾನು ನೋಡಿಲ್ಲ.

ಎರಡನೇ ಪ್ರಶ್ನೆ ಕಠಿಣ. ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ ಅದರಲ್ಲಿ ಜಾಗ ಇತ್ತು. ಆದರೆ ಜಾಗ ಇದ್ದ ಮಾತ್ರಕ್ಕೆ ಅಕ್ಷರ ಮೂಡಲ್ಲ. ಫಾಂಟ್ ಬೇಕು, ಕೀಲಿಮಣೆ ವಿನ್ಯಾಸ ಬೇಕು, ಒತ್ತಕ್ಷರವನ್ನ ಸರಿಯಾದ ಜಾಗದಲ್ಲಿ ಕೂರಿಸೋ ತಂತ್ರಾಂಶ ಬೇಕು. ಅವರ ಮುಂದೆಯೇ ‘ಸ್ತ್ರೀ’ ಅಂತ ಬರೆದು ತೋರಿಸಿದ್ವಿ. ಸ ಒಂದು ಕಡೆ, ತ ಒತ್ತು ಇನ್ನೊಂದು ಕಡೆ, ದೀರ್ಘ ಮತ್ತೆಲ್ಲೋ. ಅವರು ಸ್ವಲ್ಪ ಹೊತ್ತು ನೋಡಿ, ‘ಇದನ್ನ ಯಾರು ಸರಿ ಮಾಡ್ಬೇಕು?’ ಅಂದರು. ಕಂಪನಿಯ ಸರಕಾಗಿದ್ದರೆ ‘ದೂರು ಬರ್ಕೊಡಿ’ ಅನ್ನಬಹುದಿತ್ತು. ಇಲ್ಲಿ ಉತ್ತರ ಒಂದೇ: ಕನ್ನಡ ಗೊತ್ತಿರೋರು ಯಾರಾದರೂ, ಅಂದರೆ ನಾವೇ.

ಹಾಗೇ ಆಯ್ತು ಕೂಡ. ಗ್ನೋಮ್ ಮತ್ತು ಕೆಡಿಇಗಳನ್ನ ಕನ್ನಡಕ್ಕೆ ತರೋ ಕೆಲಸಕ್ಕೆ ಕೈಹಾಕಿದವರಲ್ಲಿ ಸ್ವಯಂಸೇವಕರು ಇದ್ದರು. ಕೇದಗೆ, ಮಲ್ಲಿಗೆ ಅನ್ನೋ ಚೆಂದದ ಹೆಸರಿನ ಫಾಂಟುಗಳು ಮುಕ್ತ ಪರವಾನಗಿಯಲ್ಲಿ ಬಂದು ಲಿನಕ್ಸ್ ವಿತರಣೆಗಳ ಒಳಗೇ ಸೇರ್ಕೊಂಡವು. ಒತ್ತಕ್ಷರಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂತವು. ಇಂದು ಮೊಬೈಲಿನಲ್ಲಿ ಕನ್ನಡ ಸಲೀಸಾಗಿ ಓದ್ತೀವಲ್ಲ, ಅದರ ಹಿಂದೆ ದೊಡ್ಡ ಕಂಪನಿಗಳ ದುಡ್ಡೂ ಇದೆ, ಇಂಥವರ ನಿದ್ದೆಗೆಟ್ಟ ರಾತ್ರಿಗಳೂ ಇವೆ.

ಬೆಂಗಳೂರಿನ ಕೂಟ ಇನ್ನೊಂದು ಹೆಜ್ಜೆ ಮುಂದೆ ಹೋಯ್ತು. ಬೇರೆಯವರ ಜಾತ್ರೆಯಲ್ಲಿ ಮೂಲೆ ಹಿಡಿಯೋದು ಸಾಕು, ನಮ್ಮದೇ ಒಂದು ಮಾಡೋಣ ಅಂತ 2001ರಲ್ಲಿ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಯ್ತು. 2005ರಲ್ಲಿ ಅದು ‘ಫಾಸ್ ಡಾಟ್ ಇನ್’ ಅನ್ನೋ ಹೆಸರು ತಗೊಂಡಿತು. ಕಂಪನಿಗಳು ಈಗ ಪ್ರಾಯೋಜಕರಾಗಿ ಇವರ ಬಾಗಿಲಿಗೆ ಬಂದವು. ಸಮ್ಮೇಳನ ಕೊನೆಯ ಸಲ ನಡೆದದ್ದು 2012ರಲ್ಲಿ. ಮರುವರ್ಷ ಜೂನ್‌ನಲ್ಲಿ ಅತುಲ್ ಚಿಟ್ನಿಸ್ ತೀರಿಕೊಂಡರು. ಸರ್ಕಾರದ ಮೇಳ ಮಾತ್ರ ಹೆಸರು ಬದಲಿಸ್ತಾ ಬದಲಿಸ್ತಾ 2017ರಿಂದ ‘ಬೆಂಗಳೂರು ಟೆಕ್ ಸಮ್ಮಿಟ್’ ಆಗಿ ನಡೀತಾ ಇದೆ.

ಹಳೇ ಕೂಟಗಳು ಚದುರಿವೆ. ಆಗ ಕೇಬಲ್ ಎಳೆದವರಿಗೆ ಈಗ ತಲೆ ನೆರೆತಿದೆ. ಅವರು ಗೆದ್ದರೋ ಸೋತರೋ ಅಂತ ಕೇಳಿದರೆ ಉತ್ತರ ಸುಲಭ ಅಲ್ಲ. ಜಗತ್ತಿನ ಸರ್ವರ್‌ಗಳಲ್ಲಿ, ನಮ್ಮ ಜೇಬಿನ ಆಂಡ್ರಾಯ್ಡ್ ಫೋನಿನಲ್ಲಿ ಲಿನಕ್ಸ್ ಇದೆ. ಆದರೆ ಫೋನ್ ಹಿಡಿದವರಲ್ಲಿ ಹೆಚ್ಚಿನವರಿಗೆ ಅದು ಒಳಗಿದೆ ಅನ್ನೋದೇ ಗೊತ್ತಿಲ್ಲ, ಸರಿ ಮಾಡೋ ಹಕ್ಕು ತಮಗೂ ಇದೆ ಅನ್ನೋದು ಅದಕ್ಕಿಂತಲೂ ಗೊತ್ತಿಲ್ಲ. ಮಳಿಗೆಯಲ್ಲಿ ನಿಂತವರು ಹೇಳ್ತಿದ್ದದ್ದು ಈ ಎರಡನೇ ಮಾತನ್ನ. ಸಿಡಿ ಬರೀ ನೆಪ.

ಮುಂದಿನ ಸಲ ಯಾವುದಾದರೂ ತಂತ್ರಜ್ಞಾನ ಮೇಳಕ್ಕೆ ಹೋದರೆ, ಝಗಮಗ ಎಲ್ಲ ನೋಡಿ ಆದ ಮೇಲೆ ಮೂಲೆಗೂ ಒಂದು ಸುತ್ತು ಹಾಕಿ. ಕೈಬರಹದ ಬೋರ್ಡು, ಹೊಂದಿಕೆಯಾಗದ ನಾಲ್ಕು ಯಂತ್ರ, ಗಂಟಲು ಕಟ್ಟಿದ ಇಬ್ಬರು ಹುಡುಗರು ಅಲ್ಲಿ ಇದ್ದರೆ ಸುಮ್ಮನೆ ಕರಪತ್ರ ತಗೊಂಡು ಬರಬೇಡಿ. ಒಂದು ಪ್ರಶ್ನೆ ಕೇಳಿ. ಅವರಿಗೆ ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನೇ ಕೇಳಿ.